ಹೇಳಿದವರಿಗೆ ಯಾರು ಹೇಳಿದ್ದು

ಬೆಳ್ತಂಗಡಿಯ ಹತ್ತಿರ, ಅಣ್ಣನ ಮಗನ ಮನೆಯಲ್ಲಿ, ಟೀಚರ್‌ರ ಬೊಜ್ಜದ ಊಟ, ಎಂದರೆ ಉತ್ತರಕ್ರಿಯೆಯ ಊಟ. ನನ್ನ ಪಕ್ಕದ ಎಲೆಯಲ್ಲಿ ಕುಳಿತಿದ್ದ ಹೆಂಗಸು, ಟೀಚರ್ ತುಂಬ ಒಳ್ಳೆಯವರು, ಯಾರ ಸುದ್ದಿಗೂ ಹೋದವರಲ್ಲ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಸತ್ತವರ ಊಟದಲ್ಲಿ ಬೇರೇನು ಮಾಡುವುದು? ಆದರೆ ಟೀಚರ್ ಎಲ್ಲರ ಸುದ್ದಿಗೂ ಹೋಗುತ್ತಿದ್ದರು. ಒಳ್ಳೆಯವರು ಹೌದೋ ಅಲ್ಲವೋ ಎಂಬುದು ನನ್ನ ಮಟ್ಟಿಗೆ ಇನ್ನೂ ತೀರ್ಮಾನವಾಗಿಲ್ಲ. ಅವರೇ ಅಲ್ಲಿದ್ದಿದ್ದರೆ ಆ ಹೆಂಗಸಿನ ಕಡೆಗೆ ತಿರುಗಿ, "ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು. ಎಲ್ಲರೂ ಹೇಳ್ತಾರೆ ಎಂಬ ಉತ್ತರ ಬಂದರೆ, "ಹೇಳಿದವರಿಗೆ ಯಾರು ಹೇಳಿದ್ದು?" ಎಂಬುದು ಎರಡನೆಯ ಪ್ರಶ್ನೆ. ಮೂರನೆಯದರವರೆಗೆ ನಿಲ್ಲುವವರು ಕಡಿಮೆ.

ಮನೆಗೆ ಬಂದ ಮೇಲೆ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲದ ಪುಟಗಳಲ್ಲಿ ಅವರು ಇರಬಹುದೆಂದುಕೊಂಡಿದ್ದೆ. ಹೆಚ್ಚಾಗಿ ಇರುವುದು ಬಸ್ಸು ತಪ್ಪಿದ್ದು, ಉತ್ತರಪತ್ರಿಕೆ ತಿದ್ದಿದ್ದು, ಸೆಕೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನನ್ನ ನೆನಪು ಹೇಳಿದ್ದು. ನನ್ನ ನೆನಪಿಗೆ ಯಾರು ಹೇಳಿದ್ದು ಎಂಬುದು ಎರಡನೆಯ ಪ್ರಶ್ನೆ.

ಅವರು ಶಿರ್ತಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಮೂಡುಬಿದಿರೆಯಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಕೆಳಗೆ ತಾವು, ಮೇಲೆ ಬಾಡಿಗೆಯವರು. ನಾನು ಹೋಗುವಾಗ ಅವರ ನಿವೃತ್ತಿಗೆ ಹೆಚ್ಚು ಕಾಲವಿರಲಿಲ್ಲ. ಗಿಡ್ಡ ದೇಹ, ಗಟ್ಟಿ ನಡಿಗೆ. ಏನನ್ನಾದರೂ ಹತ್ತಿರದಿಂದ ನೋಡಬೇಕಾದರೆ ಕನ್ನಡಕವನ್ನು ಹಣೆಗೆ ಏರಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು, ಬಟ್ಟೆಯಂಗಡಿಯಲ್ಲಿ ಸೀರೆಯ ನೂಲು ನೋಡುವವರ ಹಾಗೆ. ಎದುರಿದ್ದದ್ದು ಮೀನಾಗಲಿ ಮನುಷ್ಯರಾಗಲಿ ಬೆರಳಿನ ಆ ಚಲನೆ ಒಂದೇ.

ಹಾಲಿನವನು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೋಡುತ್ತಿದ್ದರು. ಹಾಲು ಸರಿಯಾಗಿಯೇ ಇರುತ್ತಿತ್ತು. ಅಷ್ಟಕ್ಕೆ ಅವರಿಗೆ ಸಮಾಧಾನವಾಗದೆ ಲ್ಯಾಕ್ಟೋಮೀಟರಿನ ಮೇಲೆಯೇ ಸಂಶಯ ಬಂದು, ಶಾಲೆಯಿಂದ ಇನ್ನೊಂದನ್ನು ತಂದು ಎರಡನ್ನೂ ಹೋಲಿಸಿದರು. ಬಸ್ ನಿಲ್ದಾಣದಲ್ಲಿ ಬೋರ್ಡು ನೋಡಿ ಹತ್ತಿದವರಲ್ಲ. ಕಂಡಕ್ಟರನನ್ನು ಕೇಳಿ, ಡ್ರೈವರನನ್ನು ಕೇಳಿ, ಕಿಟಕಿಯ ಬದಿಗೆ ಕುಳಿತವರನ್ನೂ ಕೇಳುತ್ತಿದ್ದರು. ಮೂವರು ಸೇರಿ ಒಂದೇ ಸುಳ್ಳು ಹೇಳುವುದು ಕಷ್ಟ ಎಂಬುದು ಅವರ ಲೆಕ್ಕ. ಮೀನು ಮಾರುವ ಹೆಂಗಸಿಗೆ ಇವರನ್ನು ಕಂಡರೆ ತಮಾಷೆ. "ಟೀಚರೇ, ಸತ್ತದ್ದು ಯಾವಾಗ ಅಂತ ಮೀನಿನ ಹತ್ರವೇ ಕೇಳಿ, ನಾನು ಹೇಳಿದ್ರೆ ನಿಮಗೆ ಆಗುದಿಲ್ಲ" ಎನ್ನುತ್ತಿದ್ದಳು. ಟೀಚರ್ ನಗದೆ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು.

ಬಾಡಿಗೆಗೆ ಕೇಳಲು ಹೋದ ದಿನ ನನಗೂ ಅದೇ ಪರೀಕ್ಷೆ. ಯಾವ ಊರು, ಯಾರ ಮಗಳು, ಉಜಿರೆಯ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬಂದದ್ದು. ಅಲ್ಲಿ ಸಂಬಳ ಕಡಿಮೆ ಎಂದೆ. ಅವರು ಬೆರಳು ಉಜ್ಜಿ, "ನೋಡುವ" ಎಂದರು. ನಂಬಲಿಲ್ಲ ಎಂಬುದು ಸ್ಪಷ್ಟವಿತ್ತು. ನಾನು ಹೇಳಿದ್ದು ನಿಜವೂ ಆಗಿರಲಿಲ್ಲ.

ಉಜಿರೆಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಪ್ರತಿ ತಿಂಗಳೂ ಮುಟ್ಟಿನ ಮೊದಲ ದಿನಗಳಲ್ಲಿ ರಜೆ ಹಾಕುತ್ತಿದ್ದೆ. ಹೊಟ್ಟೆನೋವು ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಅರ್ಥವಾದ ಮೇಲೆ, ಅದು ಎಲ್ಲರಿಗೂ ಇರುವುದೇ ತಾನೆ ಎಂಬ ಮಾತೂ ಬರುತ್ತಿತ್ತು. ನನಗೆ ಬರುತ್ತಿದ್ದ ನೋವು ಎಲ್ಲರಿಗೂ ಇರುವುದಾಗಿರಲಿಲ್ಲ. ಸ್ನಾನದ ಮನೆಯ ನೆಲದಲ್ಲಿ ಮಡಿಸಿಕೊಂಡು ಬಿದ್ದಿರುತ್ತಿದ್ದೆ, ವಾಂತಿ ಮಾಡಿಕೊಳ್ಳುತ್ತಿದ್ದೆ. ಮರುವರ್ಷ ನನ್ನನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂಡುಬಿದಿರೆಯಲ್ಲಿ ಹೊಸ ಕಾಲೇಜು ಸಿಕ್ಕಿದ ಮೇಲೆ, ಇದನ್ನಾದರೂ ಉಳಿಸಿಕೊಳ್ಳಬೇಕೆಂದು ಬಂಟ್ವಾಳದ ಒಬ್ಬರು ಹೆಂಗಸರ ಡಾಕ್ಟರ್ ಬಳಿಗೆ ಹೋದೆ. ಅವರು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಗರ್ಭಕೋಶದ ಒಳಪದರದಂಥ ಪದರ ಹೊರಗೂ ಬೆಳೆದಿರುವ ಸಂಶಯವಿದೆ ಎಂದರು. ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ನಡುವೆ ನಿಲ್ಲಿಸದೆ ಒಂದು ಹಾಳೆ ಮುಗಿದ ಕೂಡಲೇ ಇನ್ನೊಂದನ್ನು ಶುರುಮಾಡಬೇಕು. ಮುಟ್ಟು ಬರುವುದೇ ಬೇಡ.

ಮೊದಲು ಅಲ್ಲಿ ಇಲ್ಲಿ ಸ್ವಲ್ಪ ಕಲೆಯಾಗುತ್ತಿತ್ತು, ಆಮೇಲೆ ಅದೂ ನಿಂತಿತು. ಒಂದು ತಿಂಗಳು ಪೂರ್ತಿ ರಜೆ ಹಾಕದೆ ಪಾಠ ಮಾಡಿದಾಗ ನನಗೆ ಯಾರದೋ ಶರೀರ ಎರವಲು ಸಿಕ್ಕಿದ ಹಾಗಾಗಿತ್ತು. ಯಾರಿಗೂ ಹೇಳಲಿಲ್ಲ. ಅಮ್ಮನಿಗೂ. ಮದುವೆಯಾಗದ ಹುಡುಗಿ, ಗರ್ಭನಿರೋಧಕ ಮಾತ್ರೆ. ಈ ಎರಡು ಪದಗಳನ್ನು ಒಟ್ಟಿಗೆ ಇಟ್ಟರೆ ನಮ್ಮ ಕಡೆ ಮೂರನೆಯ ಪದವನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ.

ಮಾತ್ರೆ ಗುಟ್ಟಾಗಿ ಉಳಿಯದೆ ಹೋದದ್ದಕ್ಕೆ ಬಚ್ಚಲ ಒಲೆ ಕಾರಣ. ಮೇಲಿನ ಮನೆಯ ಕಸವೂ ಕೆಳಗಿನ ಮನೆಯ ಕಸವೂ ಸೇರಿ ನೀರು ಕಾಯಿಸುವ ಒಲೆಗೆ ಹೋಗುತ್ತಿತ್ತು. ಒಲೆಯ ಬೂದಿ ಟೀಚರ್‌ರ ಬಸಳೆ ಬುಡಕ್ಕೆ. ಬೂದಿಯನ್ನೂ ಅವರು ನಂಬುತ್ತಿರಲಿಲ್ಲ, ಜರಡಿ ಹಿಡಿದು ಹಾಕುತ್ತಿದ್ದರು. ಕಾಗದದ ಪೆಟ್ಟಿಗೆ ಸುಟ್ಟುಹೋಗುತ್ತದೆ. ಮಾತ್ರೆಯ ಬೆಳ್ಳಿಹಾಳೆ ಸುಡುವುದಿಲ್ಲ ಎಂಬುದು ಎಂ.ಎ. ಓದಿದ ನನಗೆ ಹೊಳೆದಿರಲಿಲ್ಲ.

ಒಂದು ಸಂಜೆ ಕೆಳಗೆ ಕರೆದರು. ಕಿಟಕಿಯ ದಂಡೆಯ ಮೇಲೆ ಪೇಪರು ಹಾಸಿ ಕಪ್ಪಾದ ಹಾಳೆಗಳನ್ನು ಸಾಲಾಗಿ ಇಟ್ಟಿದ್ದರು, ಮ್ಯೂಸಿಯಮ್ಮಿನಲ್ಲಿ ಇಟ್ಟ ಹಾಗೆ.

"ಇದು ನಿನ್ನದಾ?"

ಹೌದೆಂದೆ.

"ಮೇಲೆ ಯಾರು ಬರ್ತಾರೆ?"

"ಯಾರೂ ಬರುದಿಲ್ಲ."

"ಅದು ನನಗೂ ಗೊತ್ತುಂಟು. ಬಂದಿದ್ರೆ ನನಗೆ ಕಾಣದೆ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ? ಯಾರೂ ಬರುದಿಲ್ಲ ಅಂದ್ಮೇಲೆ ಇದು ಎಂತಕ್ಕೆ?"

ನೋವಿನ ವಿಷಯ ಹೇಳಿದೆ. ಉಜಿರೆಯ ಕೆಲಸ ಹೋದದ್ದೂ ಬಾಯಿಂದ ಹೊರಗೆ ಬಂತು. ಅವರು ಮುಖದಲ್ಲಿ ಏನೂ ತೋರಿಸದೆ ಕೇಳಿಸಿಕೊಂಡರು. ಈಗ ಉಪದೇಶ ಶುರುವಾಗುತ್ತದೆ, ಇಲ್ಲವೆ ಮನೆ ಖಾಲಿ ಮಾಡು ಎನ್ನುತ್ತಾರೆ ಎಂದು ಕಾದೆ. ಅವರು ಕನ್ನಡಕ ಹಣೆಗೆ ಏರಿಸಿ ಹಾಳೆಯನ್ನೇ ಇನ್ನೊಮ್ಮೆ ನೋಡಿದರು.

"ಹಾಗಾದ್ರೆ ಆ ರಕ್ತ ಎಲ್ಲಿಗೆ ಹೋಗ್ತದೆ?"

"ಯಾವ ರಕ್ತ?"

"ಪ್ರತಿ ತಿಂಗಳು ಹೋಗ್ಬೇಕಾದ್ದು. ಹೊರಗೆ ಬರದಿದ್ರೆ ಒಳಗೆ ಎಲ್ಲಿ ಉಂಟು?"

ನನಗೆ ಗೊತ್ತಿರಲಿಲ್ಲ. ಇಷ್ಟು ಕಾಲ ಮಾತ್ರೆ ನುಂಗಿದ್ದೆ, ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಬಂದಿತ್ತೋ, ನೋವು ಮರಳುವ ಹೆದರಿಕೆಗೆ ಅದನ್ನು ಒಳಗೇ ಅದುಮಿಟ್ಟಿದ್ದೆನೋ ಹೇಳಲಾರೆ. ನಿಮಗೆ ಗೊತ್ತಿಲ್ಲವೇ ಎಂದು ಅವರನ್ನೇ ಕೇಳಿದೆ. ಪಾಠಪುಸ್ತಕದಲ್ಲಿ ಇದ್ದದ್ದಷ್ಟೇ ಗೊತ್ತು, ಪುಸ್ತಕ ಬರೆದವರಿಗೆ ಯಾರು ಹೇಳಿದ್ದೋ ಎಂದರು. "ಹೋಗುವ. ಆ ಡಾಕ್ಟರ್ ಹತ್ರವೇ ಕೇಳುವ."

ನನಗೆ ಸಿಟ್ಟು ಬಂತು. ನನ್ನ ಆರೋಗ್ಯದ ಕಾಳಜಿಯೆಂದು ಆಗ ಅನ್ನಿಸಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಆ ಡಾಕ್ಟರ್ ಎಂಬವರು ಇದ್ದಾರೋ ಇಲ್ಲವೋ, ನಾನು ಹೇಳಿದ ಕತೆ ನಿಜವೋ ಅಲ್ಲವೋ ಎಂದು ನೋಡಲು ಹೊರಟಿದ್ದರು. ಹೋಗದಿದ್ದರೆ ಸುಳ್ಳುಗಾರ್ತಿಯಾಗುತ್ತಿದ್ದೆ. ಆದ್ದರಿಂದ ಹೋದೆ.

ಬಂಟ್ವಾಳದ ಆ ಡಾಕ್ಟರ್ ನಿಧಾನದ ಹೆಂಗಸು. ಟೀಚರ್ ತಮ್ಮನ್ನು ನನ್ನ ಮನೆಯ ಓನರ್ ಎಂದು ಪರಿಚಯಿಸಿಕೊಂಡು, ಕುಳಿತುಕೊಳ್ಳುವ ಮೊದಲೇ ರಕ್ತದ ಪ್ರಶ್ನೆ ಕೇಳಿದರು. ಡಾಕ್ಟರಿಗೆ ನಗು ಬಂತು, ಆದರೆ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ತಿಂಗಳು ತಿಂಗಳು ಗರ್ಭಕೋಶದ ಒಳಗೆ ಒಂದು ಪದರ ದಪ್ಪವಾಗಿ ಬೆಳೆದು ಕಳಚಿ ಬೀಳುತ್ತದೆ, ಮಾತ್ರೆ ಅದನ್ನು ಬೆಳೆಯಲೇ ಬಿಡುವುದಿಲ್ಲ, ಬೆಳೆಯದ್ದು ಬೀಳುವುದೂ ಇಲ್ಲ, ಕಟ್ಟಿಕೊಂಡು ಕೂರುವುದೂ ಇಲ್ಲ ಎಂದರು. ಹಾಳೆ ಮುಗಿದು ಕೆಲವು ದಿನ ಬಿಟ್ಟಾಗ ಆಗುವುದು ಕೂಡ ನಿಜವಾದ ಮುಟ್ಟಲ್ಲ, ಮಾತ್ರೆ ನಿಂತದ್ದಕ್ಕೆ ಆಗುವ ಸ್ರಾವ, ಅದು ಆಗಲೇಬೇಕು ಎಂದೇನೂ ಇಲ್ಲ.

ಟೀಚರ್ ಬೆರಳು ಉಜ್ಜುತ್ತಿದ್ದರು. ಮುಂದೆ ಮಕ್ಕಳಾಗ್ತದಾ? ನಿಲ್ಲಿಸಿದ ಮೇಲೆ ಆಗುತ್ತದೆ, ಮಾತ್ರೆ ಅದಕ್ಕೆ ಅಡ್ಡಿಯಲ್ಲ, ಇವರ ಕಾಯಿಲೆ ಅಡ್ಡಿಯಾಗಬಹುದು. ಎಷ್ಟು ವರ್ಷ ತೆಗೊಳ್ಳಬಹುದು? ನೋಡುತ್ತಾ ಹೋಗಬೇಕು, ಬಿ.ಪಿ. ಪರೀಕ್ಷಿಸುತ್ತಾ. ಹಾಗಾದರೆ ಇದು ಎಲ್ಲರಿಗೂ ಆಗುವ ಮಾತ್ರೆಯಾ?

ಎಲ್ಲರಿಗೂ ಅಲ್ಲ ಎಂದರು ಡಾಕ್ಟರ್. ಬಿ.ಪಿ. ಜಾಸ್ತಿ ಇರುವವರಿಗೆ ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಬೇಡ, ವಯಸ್ಸಾಗಿ ಸಿಗರೇಟು ಸೇದುವವರಿಗೆ ಬೇಡ. ಒಂದು ಬಗೆಯ ತಲೆನೋವು ಇರುವವರಿಗೂ ಬೇಡ.

"ಯಾವ ಬಗೆಯದ್ದು?"

ತಲೆನೋವು ಶುರುವಾಗುವ ಮೊದಲು ಕಣ್ಣೆದುರು ಗರಗಸದ ಹಲ್ಲಿನಂಥ ಬೆಳಕು ಕಾಣುವುದು, ನೋಡುತ್ತಿರುವುದರ ಒಂದು ಭಾಗ ಮಾಯವಾಗುವುದು.

ಟೀಚರ್ ನನ್ನ ಕಡೆಗೆ ತಿರುಗಿದರು. "ಹೇಳು."

"ಎಂತ ಹೇಳುದು?"

"ಮೆಟ್ಟಿಲಲ್ಲಿ ಕೂತದ್ದು ಹೇಳು."

ಕೆಲವು ವಾರಗಳ ಹಿಂದೆ ಕಾಲೇಜಿನಿಂದ ಬಂದವಳು ಮೆಟ್ಟಿಲಿನ ನಡುವೆ ಕುಳಿತುಬಿಟ್ಟಿದ್ದೆ. ಎದುರಿನ ಕಂಬದ ಅರ್ಧ ಕಾಣುತ್ತಿರಲಿಲ್ಲ, ಕಾಣದ ಕಡೆ ಬೆಳಕಿನ ಅಂಕುಡೊಂಕು ಗೆರೆ ಮಿನುಗುತ್ತಿತ್ತು. ಒಂದು ಕಣ್ಣು ಮುಚ್ಚಿ ಕಂಬಿಗಾಗಿ ತಡಕಾಡುತ್ತಿದ್ದದ್ದನ್ನು ಟೀಚರ್ ಪರದೆಯ ಹಿಂದಿನಿಂದ ನೋಡಿದ್ದರು. ಹೊರಗೆ ಬಂದು, ಎಂತ ಕುಡಿದಿದ್ದಿ ಎಂದು ಕೇಳಿದ್ದರು. ಬಿಸಿಲು, ಪಿತ್ತ ಎಂದಿದ್ದೆ. ವಿದ್ಯಾರ್ಥಿನಿಯಾಗಿದ್ದಾಗಿನಿಂದ ಬರುತ್ತಿದ್ದದ್ದು ಅದು, ನಮ್ಮ ಮನೆಯಲ್ಲಿ ಅದರ ಹೆಸರೇ ಪಿತ್ತ. ಅವರು ನನ್ನ ಬಾಯಿಯ ವಾಸನೆ ಸಿಗುವಷ್ಟು ಹತ್ತಿರ ಬಂದು ಹಿಂದೆ ಹೋಗಿದ್ದರು.

ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಮೊದಲ ಸಲ ಬಂದಾಗಲೇ ತಲೆನೋವು ಉಂಟಾ ಎಂದು ಕೇಳಿದ್ದೆನಲ್ಲ, ನೀವು ಇಲ್ಲ ಎಂದಿದ್ದಿರಿ ಎಂದರು. ಅವರು ಕೇಳಿರಲೇ ಇಲ್ಲ ಎಂದು ನನ್ನ ನೆನಪು. ಅಥವಾ ಕೇಳಿದ್ದರು, ತಲೆನೋವು ಬೇರೆ ಪಿತ್ತ ಬೇರೆ ಎಂದುಕೊಂಡು ನಾನೇ ಇಲ್ಲ ಎಂದಿರಬಹುದು. ಇಬ್ಬರಲ್ಲಿ ಒಬ್ಬರ ನೆನಪು ತಪ್ಪು, ಯಾರದೆಂದು ಸಾಬೀತು ಮಾಡಲು ಅಲ್ಲಿ ಮೂರನೆಯವರು ಇರಲಿಲ್ಲ. ಎರಡನೆಯ ಭೇಟಿಗೆ ಇದ್ದರು, ಅಷ್ಟೆ.

ಆ ಮಾತ್ರೆಯಲ್ಲಿರುವ ಎರಡು ಹಾರ್ಮೋನುಗಳಲ್ಲಿ ಒಂದು ಇಂಥ ತಲೆನೋವಿನವರಿಗೆ ಮೆದುಳಿನ ರಕ್ತನಾಳ ಕಟ್ಟುವ ಅಪಾಯವನ್ನು ಹೆಚ್ಚು ಮಾಡುತ್ತದೆ ಎಂದರು ಡಾಕ್ಟರ್. ನೂರು ಜನರಿಗೆ ಏನೂ ಆಗಲಿಕ್ಕಿಲ್ಲ, ಆದರೆ ಬೇರೆ ದಾರಿ ಇರುವಾಗ ಆ ಅಪಾಯ ತಲೆಯ ಮೇಲೆ ಇಟ್ಟುಕೊಳ್ಳುವುದು ಯಾಕೆ? ಅಂದಿನಿಂದಲೇ ಅದನ್ನು ನಿಲ್ಲಿಸಿ, ಆ ಹಾರ್ಮೋನು ಇಲ್ಲದ ಇನ್ನೊಂದನ್ನು ಬರೆದುಕೊಟ್ಟರು. ಇದನ್ನೂ ನಡುವೆ ಬಿಡದೆ ತೆಗೆದುಕೊಳ್ಳಬೇಕು, ಇದರಲ್ಲೂ ಮುಟ್ಟು ನಿಲ್ಲುತ್ತದೆ. ಹೊರಗೆ ಬರುವಾಗ ಟೀಚರ್ ಔಷಧದಂಗಡಿಯವನ ಕೈಯಿಂದ ಹಾಳೆ ತೆಗೆದುಕೊಂಡು ಡಾಕ್ಟರ್ ಚೀಟಿಯ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದರು. ಅವನು, "ಅಮ್ಮ, ನಾನು ವಿಷ ಕೊಡುದಿಲ್ಲ" ಎಂದ. "ಕೊಡುವವರು ಹಾಗೆ ಹೇಳಿ ಕೊಡುದಿಲ್ಲ ಮಾರಾಯ" ಎಂದರು.

ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ವಾಪಸು ಬರುವಾಗ ಅವರು ನನಗೆ ಹೇಳಿದ್ದನ್ನು ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಯಾರಿಗೂ ಹೇಳಬೇಡ ಎಂದಿದ್ದರು. ಈಗ ಅವರಿಲ್ಲ. ಅವರ ಹೆಸರನ್ನೂ ನಾನು ಬರೆಯುತ್ತಿಲ್ಲ.

ಕಿಟಕಿಯ ಹೊರಗೆ ನೋಡುತ್ತಾ ಶುರುಮಾಡಿದರು. ಅವರು ಕೆಲಸಕ್ಕೆ ಸೇರಿದ ಹೊಸತು. ವಿಟ್ಲದ ಹತ್ತಿರ ಕುಟುಂಬದ ಮೂಲಮನೆಯಾದ ತರವಾಡಿನಲ್ಲಿ ನೇಮ, ಪಾತ್ರಿಯ ಮೈಮೇಲೆ ಬಂದ ದೈವದ ಎದುರು ಇಡೀ ಕುಟುಂಬ ನಿಲ್ಲಬೇಕಾದ ದಿನ, ಮುಟ್ಟಾದವರು ನಿಲ್ಲುವಂತಿಲ್ಲ, ಅವರ ದಿನಗಳು ಸರಿಯಾಗಿ ಅದೇ ಹೊತ್ತಿಗೆ. ಚಿಕ್ಕಮ್ಮ ಒಬ್ಬರು ಬಾಟಲಿಯಿಂದ ಕಂದು ಬಣ್ಣದ ಮಾತ್ರೆಗಳನ್ನು ಕೈಗೆ ಹಾಕಿ, ದಿನಕ್ಕೊಂದು ನುಂಗು, ಮುಂದೆ ಹೋಗ್ತದೆ ಎಂದರು. ಆ ಚಿಕ್ಕಮ್ಮನಿಗೆ ಊರಿನ ನರ್ಸಮ್ಮ ಗರ್ಭನಿರೋಧಕ ಮಾತ್ರೆಯ ಸರ್ಕಾರಿ ಪೊಟ್ಟಣ ಕೊಡುತ್ತಿದ್ದರು. ಅದರಲ್ಲಿ ಬಿಳಿಯದೂ ಇತ್ತು, ಕಂದೂ ಇತ್ತು. ಹಬ್ಬ ಬಂದಾಗ ಮುಟ್ಟು ಮುಂದೆ ಹಾಕಲು ಚಿಕ್ಕಮ್ಮ ಬಿಳಿಯದನ್ನೇ ಒಂದರ ಮೇಲೊಂದು ಪೊಟ್ಟಣದಿಂದ ತೆಗೆದುಕೊಂಡು, ಉಳಿದ ಕಂದು ಮಾತ್ರೆಗಳನ್ನು ಬಿಸಾಡಲು ಮನಸ್ಸಾಗದೆ ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಹಾಕಿದ್ದರು. ಬಣ್ಣ ಇರುವುದಕ್ಕೆ ಶಕ್ತಿ ಹೆಚ್ಚು ಎಂದುಕೊಂಡು ಕೇಳಿ ಬಂದ ಹೆಂಗಸರಿಗೆ ಅದನ್ನೇ ಕೊಡುತ್ತಿದ್ದರು. ಎಷ್ಟೋ ಜನ ಬಂದು, ಕೆಲಸ ಮಾಡಿತು ಎಂದೂ ಹೇಳಿದ್ದರಂತೆ.

"ಅದು ಎಂತ ಮಾತ್ರೆ ಗೊತ್ತುಂಟಾ? ಕಬ್ಬಿಣದ್ದು. ಬಿಳಿಯದು ನಿಲ್ಲಿಸಿದ ದಿನಗಳಲ್ಲಿ ರಕ್ತಕ್ಕೆ ಒಳ್ಳೇದಾಗ್ಲಿ ಅಂತ ಇಟ್ಟದ್ದು. ಮುಂದೆ ಹಾಕುದೂ ಇಲ್ಲ, ಹಿಂದೆ ತರುದೂ ಇಲ್ಲ. ನನಗೆ ಗೊತ್ತಾದದ್ದು ಆಮೇಲೆ, ಯಾವಾಗಲೋ ಪೊಟ್ಟಣದ ಮೇಲೆ ಓದಿ."

ನೇಮದ ದಿನವೇ ಮುಟ್ಟಾಯಿತಂತೆ. ಹೇಳಿದರೆ ಚಿಕ್ಕಮ್ಮನ ಮರ್ಯಾದೆ ಹೋಗುತ್ತದೆ, ತನ್ನದೂ. ಹೇಳದೆ ಸೀರೆ ಬಿಗಿಯಾಗಿ ಉಟ್ಟು ಹೆಂಗಸರ ಸಾಲಿನಲ್ಲಿ ನಿಂತರು.

"ದೈವ ನನ್ನ ಎದುರು ಬಂದು ನಿಂತಿತು. ಗೊತ್ತಾಯ್ತು ಅಂತ ನೆನಸಿದೆ. ಪ್ರಸಾದ ಕೊಟ್ಟು ಮುಂದೆ ಹೋಯಿತು. ಕಬ್ಬಿಣ ತಿಂದು ದೈವದ ಎದುರು ನಿಂತವಳು ನಾನು."

ಆಮೇಲೆ ಏನಾಯಿತೆಂದು ಕೇಳಿದೆ. ಏನೂ ಆಗಲಿಲ್ಲ ಎಂದರು. ಅದೇ ಕಷ್ಟವಾದದ್ದು. ಮನೆಯ ದನ ಬಾವಿಗೆ ಬಿದ್ದಾಗ ಇದಕ್ಕೋ ಎಂದು ಅನುಮಾನ. ಅಪ್ಪನ ಒಂದು ಕೈ ಸ್ವಾಧೀನ ತಪ್ಪಿದಾಗ ಅನುಮಾನ. ಬಂದ ಸಂಬಂಧ ಮುರಿದಾಗಲೂ ಅದೇ. ದೈವಕ್ಕೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಅದಕ್ಕೆ ಅದೊಂದು ವಿಷಯವೇ ಅಲ್ಲವೋ, ಇಲ್ಲ ಮುಂದೆಂದಿಗೋ ಇಟ್ಟುಕೊಂಡಿದೆಯೋ. ಮೂರರಲ್ಲಿ ಯಾವುದೆಂದು ಈಗಲೂ ಗೊತ್ತಿಲ್ಲ ಎಂದರು. ನಾನು ಅವರ ಎಲ್ಲ ಸಂಶಯಗಳ ಬೇರು ಸಿಕ್ಕಿತು ಎಂದುಕೊಂಡೆ. ಹಾಗೆ ಬೇರು ಸಿಕ್ಕಿತು ಎಂದುಕೊಳ್ಳುವುದು ನಮ್ಮಂಥ ಓದಿದವರ ಚಾಳಿ.

ಮುಂದಿನ ವರ್ಷ ನನಗೆ ಒಂದು ಸಂಬಂಧ ಬಂತು. ಪುತ್ತೂರಿನ ಕಡೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಜಾತಕ ಕೂಡಿತ್ತು, ಫೋಟೋ ಒಪ್ಪಿತ್ತು. ಹುಡುಗಿ ನೋಡಲು ಬರುವ ಮೊದಲು ಹುಡುಗನ ಕಡೆಯ ಹೆಂಗಸರು ಯಾರಾದರೂ ಹುಡುಗಿ ಇರುವ ಜಾಗದಲ್ಲಿ ವಿಚಾರಿಸಿಕೊಂಡು ಹೋಗುವುದು ನಮ್ಮಲ್ಲಿ ಇರುವುದೇ. ನಾನು ಕಾಲೇಜಿನಲ್ಲಿದ್ದಾಗ ಹುಡುಗನ ಅತ್ತೆ ಟೀಚರ್ ಮನೆಗೆ ಬಂದು ಕಾಫಿ ಕುಡಿದು ಹೋದರು ಎಂಬುದು ಆಮೇಲೆ ತಿಳಿಯಿತು. ಅದಾಗಿ ಸ್ವಲ್ಪದರಲ್ಲೇ ಅಮ್ಮ ಫೋನು ಮಾಡಿದರು. ಜಾತಕ ಇನ್ನೊಮ್ಮೆ ತೋರಿಸಿದಾಗ ಕೂಡಲಿಲ್ಲವಂತೆ.

ನಾನು ಕೆಳಗಿಳಿದು ಹೋದೆ. ಅವರು ಅಡುಗೆಮನೆಯ ಬಾಗಿಲಲ್ಲಿ ಕಾಲು ನೀಡಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಮಾತ್ರೆಯ ವಿಷಯ ನೀವು ಹೇಳಿದ್ದಾ?"

"ಹೇಳಿದೆ."

"ಯಾಕೆ?"

"ಕೇಳಿದ್ರು. ಹುಡುಗಿಗೆ ಎಂತಾದ್ರೂ ಕಾಯಿಲೆ ಉಂಟಾ ಅಂತ. ಉಂಟು, ಮಾತ್ರೆ ತೆಗೊಳ್ತಾಳೆ, ಮುಟ್ಟು ನಿಲ್ಲಿಸಿದ್ದಾರೆ, ಸಂಶಯ ಇದ್ರೆ ಡಾಕ್ಟರ್ ಹತ್ರ ಹೋಗಿ ಕೇಳಿ ಅಂದೆ. ಡಾಕ್ಟರ್ ಹೆಸರೂ ಕೊಟ್ಟೆ. ಹೋದ್ರಾ? ಹೋಗಲಿಲ್ಲ."

"ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತಲ್ಲ ಟೀಚರ್."

"ಕೇಳಿದ್ರೆ ಬೇಡ ಅಂತಿದ್ದಿ." ಬೀಜವೊಂದನ್ನು ಬಟ್ಟಲಿಗೆ ಹಾಕಿದರು. "ನಾನು ಪರೀಕ್ಷೆ ಮಾಡಿದ್ದು ನಿನ್ನನ್ನು ಅಲ್ಲ, ಅವರನ್ನು. ಮಾತ್ರೆಯ ಹೆಸರು ಕೇಳಿ ಓಡುವವರು ನೀನು ಸ್ನಾನದ ಮನೆಯಲ್ಲಿ ಬಿದ್ದಿರುವಾಗ ಎತ್ತುತ್ತಾರಾ?"

ಈ ಕೊನೆಯ ಮಾತು ಅವರು ಆವತ್ತೇ ಹೇಳಿದ್ದೋ, ವರ್ಷಗಳ ಮೇಲೆ ನನ್ನ ಸಿಟ್ಟು ಇಳಿಯಲೆಂದು ನಾನೇ ಅವರ ಬಾಯಿಗೆ ಹಾಕಿದ್ದೋ, ನನಗೆ ಖಾತ್ರಿಯಿಲ್ಲ. ಆ ದಿನದ ದಿನಚರಿಯಲ್ಲಿ ಇರುವುದು ಒಂದೇ ವಾಕ್ಯ: ಹೇಳಿದ್ದು ಅವರೇ. ಅವರು ಹೇಳಿರಬಹುದು. ಹೇಳಿದ್ದರೂ, ಅದು ಮೊದಲೇ ಯೋಚಿಸಿ ಮಾಡಿದ್ದೋ, ನಾನು ಎದುರು ಬಂದು ನಿಂತಾಗ ಹೊಳೆದ ಸಮಜಾಯಿಷಿಯೋ? ತಮ್ಮದೇ ಮುರಿದುಹೋದ ಸಂಬಂಧದ ಹೊಟ್ಟೆಕಿಚ್ಚು ಅದರಲ್ಲಿ ಸ್ವಲ್ಪವೂ ಇರಲಿಲ್ಲವೇ? ಇಂಥ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದೂ ಅವರಿಂದಲೇ, ಆದ್ದರಿಂದ ಅವರನ್ನು ಇದರಿಂದ ಹೊರಗಿಡಲು ನನಗೆ ಆಗುವುದಿಲ್ಲ.

ಕಾಲೇಜಿಗೆ ಹತ್ತಿರವಾಗುತ್ತದೆ ಎಂದು ಹೇಳಿ ಬೇರೆ ಮನೆಗೆ ಹೋದೆ. ಅದನ್ನು ಅವರು ನಂಬಿರಲಾರರು, ನಕ್ಷೆ ತೆಗೆದು ನೋಡಿದರೆ ಅದು ದೂರವೇ. ಆಮೇಲೆ ನನಗೆ ಬೇರೆ ಕಡೆ ಮದುವೆಯಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಮಗನೂ ಹುಟ್ಟಿದ. ಇದನ್ನು ಮಾತ್ರೆಯ ಪರವಾದ ಸಾಕ್ಷಿ ಎಂದು ಬರೆದರೆ ಟೀಚರ್ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು. ಒಬ್ಬಳಿಗೆ ಆದದ್ದು ಒಬ್ಬಳಿಗೆ ಆದದ್ದು, ಅಷ್ಟೆ. ಚಿಕ್ಕಮ್ಮನ ಕಬ್ಬಿಣದ ಮಾತ್ರೆಯೂ ಎಷ್ಟೋ ಜನರಿಗೆ ಕೆಲಸ ಮಾಡಿತ್ತಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ. ಕಂಡಕ್ಟರನ ಹತ್ತಿರ ಏನೋ ವಾದ ನಡೆಸಿದ್ದರು. ನನ್ನನ್ನು ಕಂಡವರೇ ಅವನನ್ನು ಬಿಟ್ಟು ಬಂದು, ಹೇಗಿದ್ದಿ ಎಂದೂ ಕೇಳದೆ, ಸುತ್ತ ಜನ ಇರುವಂತೆಯೇ, "ಕಣ್ಣಿಗೆ ಈಗಲೂ ಕಾಣ್ತದಾ? ಮಾತ್ರೆ ಈಗ ಯಾವುದು?" ಎಂದರು. ನನಗೆ ಮುಜುಗರವಾಗಿ ಚುಟುಕಾಗಿ ಉತ್ತರಿಸಿದೆ. ಅವರು ನಂಬದವರ ಹಾಗೆ ತುಸು ಹೊತ್ತು ನೋಡಿ, ಬಸ್ಸಿನ ಡ್ರೈವರನನ್ನು ಕೇಳಲು ಹೋದರು.

ಬೊಜ್ಜದ ಊಟದ ಮೇಲೆ ಕೈ ತೊಳೆದು ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬಳು ಹುಡುಗಿ ಹತ್ತಿರ ಬಂದಳು. ಆ ಮನೆಯವರ ಮಗಳು, ಎಂದರೆ ಟೀಚರ್‌ರ ಅಣ್ಣನ ಮೊಮ್ಮಗಳು. ಉಜಿರೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಕಾಲೇಜಿನ ವಾಲಿಬಾಲ್ ತಂಡದಲ್ಲಿ ಇದ್ದಾಳೆ. ಟೀಚರಜ್ಜಿಯ ಮೇಲಿನ ಮನೆಯಲ್ಲಿ ಇದ್ದದ್ದು ನೀವೇ ತಾನೇ ಎಂದು ಕೇಳಿದಳು. ನನ್ನ ಬಗ್ಗೆ ಅಜ್ಜಿ ಹೇಳುತ್ತಿದ್ದರಂತೆ. ಏನೆಂದು? ಡಾಕ್ಟರ್ ಹತ್ತಿರ ಬಾಯಿ ಬಿಡದವಳು ಎಂದು.

ಇಬ್ಬರೂ ನಕ್ಕೆವು. ಆ ನಗುವಿನ ಸಲಿಗೆಯಲ್ಲಿ ನಾನು, ಹೆಚ್ಚು ಬಿಡಿಸಿ ಹೇಳದೆ, ತರವಾಡಿನ ನೇಮದ ಸುದ್ದಿ ಎತ್ತಿದೆ. ಅವಳಿಗೂ ಗೊತ್ತಿತ್ತು, ಹಾರ್ಲಿಕ್ಸ್ ಬಾಟಲಿಯ ಸಮೇತ. ಆದರೆ ಅವಳಿಗೆ ಗೊತ್ತಿದ್ದದ್ದು ಬೇರೆ.

"ಟೀಚರಜ್ಜಿ ಆವತ್ತು ನೇಮಕ್ಕೆ ನಿಲ್ಲಲೇ ಇಲ್ಲ. ಆಯ್ತು ಅಂತ ಎಲ್ಲರ ಎದುರು ಹೇಳಿ, ದನದ ಹಟ್ಟಿಯ ಬದಿಯ ಕೋಣೆಯಲ್ಲಿ ಕೂತು ಅತ್ತದ್ದಂತೆ. ನನ್ನ ಅಜ್ಜಿ ಹೇಳಿದ್ದು. ಅವರೇ ಅನ್ನ ಕೊಂಡೋಗಿ ಕೊಟ್ಟದ್ದಂತೆ."

ಆ ಅಜ್ಜಿ, ಟೀಚರ್‌ರ ಅತ್ತಿಗೆ, ಈಗ ಇಲ್ಲ. ಕೇಳಲು ಯಾರೂ ಉಳಿದಿಲ್ಲ. ಮನೆಯ ಮಾನಕ್ಕೆ ಅತ್ತಿಗೆ ಕಟ್ಟಿದ ಕತೆ ಇದಾಗಿರಬಹುದು. ಅಥವಾ ಬಸ್ಸಿನಲ್ಲಿ ನನಗೆ ಹೇಳಿದ್ದೇ ಕತೆ, ಕೋಣೆಯಲ್ಲಿ ಕೂತು ಅತ್ತವರು ನಿಲ್ಲಬೇಕಿತ್ತು ಎಂದು ಇಡೀ ಜೀವಮಾನ ಅಂದುಕೊಂಡು ಕಟ್ಟಿದ್ದು. ದೈವ ಎದುರು ಬಂದು ನಿಂತಿತು ಎಂದಾಗ ಅವರ ಬೆರಳು ಉಜ್ಜುತ್ತಿತ್ತೇ, ಇಲ್ಲವೇ? ನೆನಪು ಮಾಡಿಕೊಳ್ಳಲು ನೋಡಿದೆ. ಕಿಟಕಿ ನೆನಪಿದೆ, ಕೈ ನೆನಪಿಲ್ಲ.

ಹುಡುಗಿ ಅತ್ತ ಇತ್ತ ನೋಡಿ ಸ್ವರ ತಗ್ಗಿಸಿದಳು. ಮುಂದಿನ ವಾರ ಅವರ ತಂಡ ಹೊರಗೆ ಆಡಲು ಹೋಗಬೇಕು, ಅದೇ ದಿನಗಳಲ್ಲಿ ಅವಳಿಗೆ ಬರುವುದಿದೆ. ರೂಮಿನ ಗೆಳತಿ ಅರ್ಧ ಹಾಳೆ ಮಾತ್ರೆ ಕೊಟ್ಟಿದ್ದಾಳೆ. ಗೆಳತಿಗೆ ಏನೂ ತೊಂದರೆ ಆಗಿಲ್ಲ. ನೀವು ವರ್ಷಗಟ್ಟಲೆ ತೆಗೆದುಕೊಂಡವರಲ್ಲ, ಇದು ಸೇಫಾ?

ಬ್ಯಾಗಿನಿಂದ ತೆಗೆದು ತೋರಿಸಿದಳು. ಕತ್ತರಿಯಲ್ಲಿ ಕತ್ತರಿಸಿದ ಹಾಳೆ, ಮಾತ್ರೆಯ ಹೆಸರು ಇನ್ನೊಂದು ಅರ್ಧದಲ್ಲಿ ಹೋಗಿತ್ತು. ಸೇಫ್ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದು ಬೇರೆ.

"ತಲೆನೋವು ಬರುವ ಮೊದಲು ಕಣ್ಣೆದುರು ಎಂತಾದ್ರೂ ಕಾಣ್ತದಾ ನಿನಗೆ?"

"ಯಾಕೆ?"

"ಹಾಗೆ ಕಾಣುವವರಿಗೆ ಕೆಲವು ಮಾತ್ರೆ ಆಗುದಿಲ್ಲ. ಇದು ಯಾವುದು ಅಂತಲೇ ಇದರಲ್ಲಿ ಇಲ್ಲ."

"ಆಗುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಡಾಕ್ಟರ್ ಎಂದರೆ ಮುಗಿಯುತ್ತಿತ್ತು. ಆದರೆ ಆ ದಿನ ನನ್ನ ಬಾಯಿ ಬಿಡಿಸಿದ್ದು ಡಾಕ್ಟರ್ ಅಲ್ಲ.

"ನಿನ್ನ ಟೀಚರಜ್ಜಿಯಿಂದ ಗೊತ್ತಾದದ್ದು."

"ಅವರಿಗೆ ಯಾರು ಹೇಳಿದ್ದು?"

"ಬಂಟ್ವಾಳದ ಒಬ್ಬರು ಡಾಕ್ಟರ್. ನಾನು ಪಕ್ಕದಲ್ಲೇ ಕೂತಿದ್ದೆ. ಹೋಗುವ, ನೀನೂ ಕೇಳು."

"ಆ ಡಾಕ್ಟರ್ ಈಗಲೂ ಇದ್ದಾರಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ, ವಿಚಾರಿಸುವ, ಇಲ್ಲದಿದ್ದರೆ ಬೇರೆಯವರ ಹತ್ತಿರ ಹೋಗುವ ಎಂದೆ. ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿದಳು, ಸುಳ್ಳು ಎಲ್ಲಿದೆ ಎಂದು ಹುಡುಕುವವರ ಹಾಗೆ. ಆಮೇಲೆ ಹಾಳೆಯನ್ನು ನನ್ನ ಕೈಗೇ ಕೊಟ್ಟು, ಶನಿವಾರ ಆಗ್ತದಾ ಎಂದು ಕೇಳಿದಳು.